ಐಸಿಯು ಬಾಗಿಲ ಮೇಲಿನ ಆ ಫಲಕ

ಯಾವ ಊರಿನ ಯಾವ ಆಸ್ಪತ್ರೆಗೆ ಹೋದರೂ ತೀವ್ರ ನಿಗಾ ಘಟಕದ ಬಾಗಿಲ ಬಳಿ ಒಂದು ಚಿತ್ರ ಕಾಣುತ್ತದೆ. ಕೆಂಪು ವೃತ್ತ, ಅದರೊಳಗೆ ಆಂಟೆನಾ ಚಾಚಿಕೊಂಡಿರುವ ಹಳೆಯ ಕಾಲದ ಮೊಬೈಲ್, ಅದರ ಮೇಲೊಂದು ಅಡ್ಡಗೆರೆ. ಅಂಥ ಆಂಟೆನಾದ ಮೊಬೈಲನ್ನು ನಮ್ಮ ಮನೆಯ ಮಕ್ಕಳು ಕಣ್ಣಿಂದ ನೋಡಿಯೂ ಇಲ್ಲ. ಫೋನುಗಳು ಎಷ್ಟೋ ಬಾರಿ ಬದಲಾದವು, ಫಲಕದ ಚಿತ್ರ ಮಾತ್ರ ಹಾಗೇ ಉಳಿಯಿತು. ಏಕೆ ಎಂದು ಕೇಳಿದರೆ, ಮೊಬೈಲ್ ತರಂಗಗಳಿಂದ ಒಳಗಿನ ಯಂತ್ರಗಳಿಗೆ ತೊಂದರೆಯಾಗುತ್ತದೆ ಎಂಬ ಉತ್ತರ ಸಿಗುತ್ತದೆ.

ನಿಜವಾಗಿಯೂ ಆಗುತ್ತದೆಯೇ? ಒಂದು ಕಾಲದಲ್ಲಿ ಆಗುತ್ತಿತ್ತು, ಅದೂ ಗಂಭೀರವಾಗಿಯೇ. ಈಗ ಬಹುಮಟ್ಟಿಗೆ ಆಗುವುದಿಲ್ಲ. ಈ ಎರಡು ವಾಕ್ಯಗಳ ನಡುವೆ ಒಂದು ದೊಡ್ಡ ಚರಿತ್ರೆಯೇ ಇದೆ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ರಾತ್ರಿ ಕೂರುವವರು ನಮ್ಮಲ್ಲಿ ಹೆಚ್ಚಾಗಿ ಹೆಂಗಸರೇ. ಹಾಗಾಗಿ ಈ ಚರಿತ್ರೆ ನಮಗೆ ಗೊತ್ತಿದ್ದರೆ ಒಳ್ಳೆಯದು ಎನಿಸಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಸ್ವಾರಸ್ಯ. ಫೋನಿಗೂ ಆಸ್ಪತ್ರೆಗೂ ಶುರುವಿನಲ್ಲಿ ಸ್ನೇಹವೇ ಇತ್ತು. ನೆದರ್ಲೆಂಡ್ಸಿನ ಲೈಡನ್ ನಗರದ ವಿಲ್ಲೆಮ್ ಐಂಟ್‌ಹೋವನ್, ಇಂದು ನಾವು ಇಸಿಜಿ ಎನ್ನುವ ಹೃದಯದ ದಾಖಲೆಯನ್ನು ವೈದ್ಯಲೋಕಕ್ಕೆ ಕೊಟ್ಟವರು. ಅವರ ಯಂತ್ರ ಎಷ್ಟು ದೊಡ್ಡದಿತ್ತೆಂದರೆ ಅದನ್ನು ರೋಗಿಯ ಬಳಿಗೆ ಒಯ್ಯುವಂತಿರಲಿಲ್ಲ. 1905ರಲ್ಲಿ ಅವರು ಆಸ್ಪತ್ರೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕವೇ ರೋಗಿಯ ಹೃದಯದ ಮಿಡಿತವನ್ನು ತರಿಸಿಕೊಂಡರು.

ಇನ್ನೊಂದು ಸ್ವಾರಸ್ಯ ಇದಕ್ಕಿಂತ ದೊಡ್ಡದು. ರೇಡಿಯೊ ತರಂಗಗಳ ಜಗಳದಲ್ಲಿ ಮೊದಲು ತೊಂದರೆ ಕೊಟ್ಟದ್ದು ಫೋನಲ್ಲ, ಆಸ್ಪತ್ರೆ. 1926ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ನರಶಸ್ತ್ರವೈದ್ಯ ಹಾರ್ವಿ ಕುಶಿಂಗ್, ವಿಲಿಯಂ ಬೋವಿ ಎಂಬುವರು ಮಾಡಿಕೊಟ್ಟ ಯಂತ್ರದಿಂದ ರಕ್ತಸ್ರಾವವನ್ನು ವಿದ್ಯುತ್ತಿನಲ್ಲೇ ತಡೆದು ಶಸ್ತ್ರಚಿಕಿತ್ಸೆ ಮಾಡಿದರು. ಆ ಜಾತಿಯ ಯಂತ್ರಗಳು ಇಂದೂ ಪ್ರತಿ ಆಪರೇಷನ್ ಥಿಯೇಟರಿನಲ್ಲಿವೆ. ಕೀಲು ನೋವಿಗೆ ಶಾಖ ಕೊಡುವ ಡಯಾಥರ್ಮಿ ಯಂತ್ರಗಳೂ ಬಳಕೆಯಲ್ಲಿದ್ದವು. ಇವೆಲ್ಲ ಒಂದು ಬಗೆಯ ರೇಡಿಯೊ ಪ್ರಸಾರ ಕೇಂದ್ರಗಳೇ. ಚಿಕಿತ್ಸೆ ನಡೆಯುತ್ತಿದ್ದಾಗ ಅಕ್ಕಪಕ್ಕದ ಮನೆಗಳ ರೇಡಿಯೊದಲ್ಲಿ ಕರಕರ ಸದ್ದು ಏಳುತ್ತಿತ್ತು, ದೂರಸಂಪರ್ಕದವರು ದೂರು ಕೊಡುತ್ತಿದ್ದರು. ಕೊನೆಗೆ 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಬಳಕೆಗೆಂದೇ ಕೆಲವು ತರಂಗಪಟ್ಟಿಗಳನ್ನು ಪ್ರತ್ಯೇಕವಾಗಿ ಬಿಟ್ಟುಕೊಟ್ಟರು. ನಮ್ಮ ಅಡುಗೆಮನೆಯ ಮೈಕ್ರೋವೇವ್ ಓವನ್ ಇಂದೂ ಅಂಥದೊಂದು ಪಟ್ಟಿಯಲ್ಲೇ ಕೆಲಸ ಮಾಡುತ್ತದೆ.

ಆ ಹೊತ್ತಿಗೆ ಯಂತ್ರ ರೋಗಿಯ ಹೊರಗಿತ್ತು. ಅದು ರೋಗಿಯ ಮೈಯೊಳಗೆ ಹೋದಾಗ ಆಟದ ನಿಯಮವೇ ಬದಲಾಯಿತು.

ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬುವರಿಗೆ ಹೃದಯದ ಬಡಿತ ನಡುನಡುವೆ ನಿಂತುಹೋಗುವ ಕಾಯಿಲೆ. ದಿನಕ್ಕೆ ಹಲವು ಬಾರಿ ಪ್ರಜ್ಞೆ ತಪ್ಪಿ ಬೀಳುತ್ತಿದ್ದರು. ಅವರ ಹೆಂಡತಿ ಎಲ್ಸ್-ಮರಿ, ಹೃದಯಕ್ಕೆ ವಿದ್ಯುತ್ತಿನಿಂದ ತಾಳ ಕೊಡುವ ಪ್ರಯೋಗ ನಡೆದಿದೆ ಎಂದು ತಿಳಿದು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನುಬಿದ್ದರು. ಮನುಷ್ಯರಿಗೆ ಹಾಕುವಂಥ ಸಾಧನ ಇನ್ನೂ ಸಿದ್ಧವಿಲ್ಲ ಎಂದರೂ ಆಕೆ ಬಿಡಲಿಲ್ಲ. ಹಾಗಾದರೆ ಸಿದ್ಧಮಾಡಿ ಎಂದು ಪಟ್ಟುಹಿಡಿದರು. 1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಲಾರ್ಸನ್ನರ ದೇಹದೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಕೂತಿತು. ಅದರ ಬಿಡಿಭಾಗಗಳನ್ನು ಅಂಟುರಾಳದಲ್ಲಿ ಎರಕ ಹೊಯ್ಯಲು ಷೂ ಪಾಲಿಶ್ ಡಬ್ಬಿಯನ್ನೇ ಅಚ್ಚಾಗಿ ಬಳಸಿದ್ದರಂತೆ. ಮೊದಲನೆಯದು ಕೆಲವು ಗಂಟೆಗಳಲ್ಲೇ ಕೈಕೊಟ್ಟಿತು, ಎರಡನೆಯದನ್ನು ಹಾಕಿದರು. ಲಾರ್ಸನ್ ತಮ್ಮ ಆಯುಷ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಕಂಡು, ತಮ್ಮನ್ನು ಉಳಿಸಿದ ಆ ಇಬ್ಬರಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡರು. ಸಾವಿತ್ರಿಯ ಕಥೆ ಕೇಳಿ ಬೆಳೆದ ನಮಗೆ ಎಲ್ಸ್-ಮರಿ ತೀರಾ ಹೊರಗಿನವರು ಎನಿಸುವುದಿಲ್ಲ.

ಮೊದಲ ಪೇಸ್‌ಮೇಕರುಗಳು ಕಿವುಡು ಯಂತ್ರಗಳು. ಹೃದಯ ಏನು ಮಾಡುತ್ತಿದೆ ಎಂದು ಕೇಳಿಸಿಕೊಳ್ಳದೆ ಒಂದೇ ಸಮನೆ ತಾಳ ಹಾಕುತ್ತಿದ್ದವು. 1960ರ ದಶಕದ ನಡುವಿನಲ್ಲಿ ಕಿವಿ ಇರುವ ಪೇಸ್‌ಮೇಕರ್ ಬಂತು. ಹೃದಯ ತಾನಾಗಿ ಬಡಿದರೆ ಇದು ಸುಮ್ಮನಿರುತ್ತದೆ, ಬಡಿಯದಿದ್ದರೆ ಮಾತ್ರ ತಟ್ಟುತ್ತದೆ. ಒಳ್ಳೆಯ ಉಪಾಯ. ಆದರೆ ಕಿವಿ ಇದ್ದ ಮೇಲೆ ಬೇಡದ ಸದ್ದೂ ಕೇಳಿಸುತ್ತದೆ. ಹೊರಗಿನ ಯಾವುದೋ ವಿದ್ಯುತ್ ಗದ್ದಲವನ್ನು ಹೃದಯದ ಬಡಿತವೆಂದೇ ನಂಬಿ ಪೇಸ್‌ಮೇಕರ್ ಸುಮ್ಮನಾಗಿಬಿಟ್ಟರೆ ರೋಗಿ ಕುಸಿದುಬೀಳುತ್ತಾನೆ. ಅಮೆರಿಕದ ಹೋಟೆಲುಗಳಲ್ಲಿ ‘ಇಲ್ಲಿ ಮೈಕ್ರೋವೇವ್ ಓವನ್ ಬಳಕೆಯಲ್ಲಿದೆ, ಪೇಸ್‌ಮೇಕರ್ ಇರುವವರು ಎಚ್ಚರ’ ಎಂಬ ಬೋರ್ಡುಗಳು ನೇತಾಡತೊಡಗಿದ್ದು ಈ ಭಯದಿಂದಲೇ. ಪೇಸ್‌ಮೇಕರಿಗೆ ಲೋಹದ ಕವಚ, ಒಳಗೆ ಬೇಡದ ತರಂಗಗಳನ್ನು ಸೋಸುವ ಜರಡಿ ಬಂದ ಮೇಲೆ ಆ ಬೋರ್ಡಿಗೆ ಕೆಲಸವಿಲ್ಲದಂತಾಯಿತು. ಬೋರ್ಡುಗಳು ಮಾತ್ರ ಅದಾದ ಮೇಲೂ ಬಹುಕಾಲ ನೇತಾಡುತ್ತಲೇ ಇದ್ದವು.

ಇನ್ನು ಮಕ್ಕಳ ವಿಷಯ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳು ನಿದ್ದೆಯಲ್ಲಿ ಉಸಿರು ನಿಲ್ಲಿಸಿಬಿಡುವುದುಂಟು. ಹಾಗಾದ ಕೂಡಲೇ ಕೂಗಿ ಎಬ್ಬಿಸುವ ಮಾನಿಟರುಗಳು ಅಮೆರಿಕದಲ್ಲಿ ಬಳಕೆಗೆ ಬಂದವು, ಮನೆಗಳಿಗೂ ಬಂದವು. ಮಗುವಿನ ಎದೆ ಏರಿಳಿದಂತೆ ಅತಿ ಸೂಕ್ಷ್ಮವಾಗಿ ಬದಲಾಗುವ ವಿದ್ಯುತ್ ಸಂಕೇತವನ್ನು ಅವು ಹಿಡಿಯುತ್ತಿದ್ದವು. 1980ರ ದಶಕದ ಕೊನೆಯಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಪರೀಕ್ಷೆ ಮಾಡಿದಾಗ ಎದೆ ನಡುಗಿಸುವ ಸಂಗತಿ ಹೊರಬಿತ್ತು. ಕೆಲವು ಮಾನಿಟರುಗಳು ಗಾಳಿಯಲ್ಲಿ ತೇಲಿಬರುವ ಎಫ್‌ಎಂ ರೇಡಿಯೊ, ಟಿವಿ ತರಂಗಗಳನ್ನೇ ಉಸಿರಾಟವೆಂದು ಎಣಿಸುತ್ತಿದ್ದವು. ಮಗು ಉಸಿರಾಡದಿದ್ದರೂ ಯಂತ್ರ ಕೂಗದೆ ಇರಬಹುದಿತ್ತು. ಯಂತ್ರವನ್ನು ನಂಬಿ ಪಕ್ಕದ ಕೋಣೆಯಲ್ಲಿ ಒಂದಿಷ್ಟು ಕಣ್ಣುಮುಚ್ಚಿದ ತಾಯಿಗೆ ಇದು ಹೇಗೆ ಗೊತ್ತಾಗಬೇಕು?

1990ರ ದಶಕದ ಆರಂಭದಲ್ಲಿ ಅಮೆರಿಕದಿಂದಲೇ ಇನ್ನೆರಡು ವರದಿಗಳು ಬಂದವು. ವಿದ್ಯುತ್ ಗಾಲಿಕುರ್ಚಿಗಳು ಹತ್ತಿರದಲ್ಲಿ ಪೊಲೀಸರು ವೈರ್‌ಲೆಸ್‌ನಲ್ಲಿ ಮಾತಾಡಿದರೆ ತಾವಾಗಿಯೇ ಚಲಿಸುತ್ತಿದ್ದವು. ಇನ್ನೊಂದು, ಹೃದಯಾಘಾತವಾದ ಮಹಿಳೆಯೊಬ್ಬರನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸಿನದು. ಸಿಬ್ಬಂದಿ ವೈದ್ಯರ ಸಲಹೆ ಕೇಳಲು ವೈರ್‌ಲೆಸ್ ಗುಂಡಿ ಒತ್ತಿದಾಗಲೆಲ್ಲ ಹೃದಯದ ಯಂತ್ರ ನಿಂತುಹೋಗುತ್ತಿತ್ತು. ಆಕೆ ಉಳಿಯಲಿಲ್ಲ. ತನಿಖೆಯಲ್ಲಿ ತಿಳಿದದ್ದೇನೆಂದರೆ, ವಾಹನದ ಲೋಹದ ಛಾವಣಿ ತೆಗೆದು ಫೈಬರ್ ಗ್ಲಾಸಿನದು ಹಾಕಿದ್ದರು, ಅದರ ಮೇಲೆ ದೂರಕ್ಕೆ ತಲುಪುವ ಆಂಟೆನಾ ಕೂರಿಸಿದ್ದರು. ತರಂಗಗಳನ್ನು ತಡೆಯಬೇಕಿದ್ದ ತಗಡೇ ಇಲ್ಲವಾಗಿತ್ತು.

ಇವುಗಳಲ್ಲಿ ಯಾವುದರಲ್ಲೂ ಮೊಬೈಲ್ ಇಲ್ಲ ಎಂಬುದನ್ನು ಗಮನಿಸಬೇಕು. ಮೊಬೈಲ್ ಆಸ್ಪತ್ರೆಯೊಳಗೆ ಕಾಲಿಟ್ಟದ್ದು ಆಗಲೇ ಹೆದರಿದ್ದ ಮನೆಗೆ ಹೊಸ ಸೊಸೆ ಬಂದಂತೆ. ಹಿಂದಿನ ಅನಾಹುತಗಳ ಅನುಮಾನವೆಲ್ಲ ಅದರ ತಲೆಯ ಮೇಲೆ ಬಿತ್ತು.

ಅನುಮಾನಕ್ಕೆ ಆಧಾರವೂ ಇತ್ತೆನ್ನಿ. 1991ರಲ್ಲಿ ಫಿನ್ಲೆಂಡಿನಲ್ಲಿ ಜಿಎಸ್‌ಎಂ ಎಂಬ ಹೊಸ ಪದ್ಧತಿ ಚಾಲ್ತಿಗೆ ಬಂತು. ನಮ್ಮ ದೇಶದಲ್ಲಿ 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯ ಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ ಮೊದಲ ಮೊಬೈಲ್ ಕರೆಯೂ ಇದೇ ಪದ್ಧತಿಯದು. ಜಿಎಸ್‌ಎಂ ಫೋನ್ ಒಂದೇ ಸಮನೆ ಪ್ರಸಾರ ಮಾಡುವುದಿಲ್ಲ, ಸೆಕೆಂಡಿಗೆ 217 ಬಾರಿ ಬಿಟ್ಟುಬಿಟ್ಟು ಮಿಡಿಯುತ್ತದೆ. ಟಿವಿ ಅಥವಾ ಟೇಪ್‌ರೆಕಾರ್ಡರ್ ಪಕ್ಕ ಮೊಬೈಲ್ ಇಟ್ಟಾಗ, ರಿಂಗ್ ಆಗುವುದಕ್ಕೂ ಮೊದಲೇ ಸ್ಪೀಕರಿನಲ್ಲಿ ‘ಡಿಡಿಡಿಟ್ ಡಿಡಿಡಿಟ್’ ಎಂದು ಸದ್ದಾಗುತ್ತಿದ್ದುದು ನೆನಪಿದೆಯೇ? ಕರೆ ಬರುತ್ತಿದೆ ಎಂದು ನಾವು ಮೊದಲೇ ಹೇಳಿ ಮಕ್ಕಳನ್ನು ಬೆರಗುಗೊಳಿಸುತ್ತಿದ್ದೆವಲ್ಲ, ಅದೇ ಈ ಮಿಡಿತ. ಸ್ಪೀಕರಿನ ತಂತಿ ಆಂಟೆನಾದಂತೆ ಅದನ್ನು ಹಿಡಿದು ಸದ್ದಾಗಿಸುತ್ತಿತ್ತು. ಸ್ಪೀಕರಿನ ಜಾಗದಲ್ಲಿ ಇಸಿಜಿ ತಂತಿಯನ್ನೋ ಔಷಧಿಯನ್ನು ಹನಿಹನಿಯಾಗಿ ಒಳಬಿಡುವ ಸಿರಿಂಜ್ ಪಂಪನ್ನೋ ಇಟ್ಟು ನೋಡಿ, ವೈದ್ಯರು ಏಕೆ ಹೆದರಿದರೆಂದು ತಿಳಿಯುತ್ತದೆ.

ಲೆಕ್ಕವೂ ಹೆದರಿಸುವಂತೆಯೇ ಇತ್ತು. 1993ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ವೈದ್ಯಕೀಯ ಯಂತ್ರ ಮೀಟರಿಗೆ 3 ವೋಲ್ಟಿನಷ್ಟು ರೇಡಿಯೊ ಕ್ಷೇತ್ರವನ್ನು ತಡೆದುಕೊಂಡರೆ ಸಾಕಿತ್ತು. ಆಗಿನ ಮೊಬೈಲಿನ ಗರಿಷ್ಠ ಶಕ್ತಿ 2 ವ್ಯಾಟ್. ಪೂರ್ಣ ಶಕ್ತಿಯಲ್ಲಿದ್ದಾಗ ಅದು ಒಂದು ಮೀಟರ್ ದೂರದಲ್ಲೇ ಸುಮಾರು 10 ವೋಲ್ಟಿನ ಕ್ಷೇತ್ರ ಎಬ್ಬಿಸಬಲ್ಲದು. ಮೂರು ಮೀಟರ್ ಆಚೆ ಹೋದರೆ ಅದು 3ರ ಆಸುಪಾಸಿಗೆ ಇಳಿಯುತ್ತದೆ. ದೂರ ಹೆಚ್ಚಿದಷ್ಟೂ ಕಾಟ ಕಡಿಮೆ. ಜೊತೆಗೆ ಸಿಗ್ನಲ್ ಸರಿಯಾಗಿ ಸಿಗದ ಕಡೆ ಫೋನ್ ಇನ್ನಷ್ಟು ಜೋರಾಗಿ ಕೂಗುತ್ತದೆ. ದಪ್ಪ ಗೋಡೆಗಳ ಹಳೆಯ ಆಸ್ಪತ್ರೆಗಳು ಸಿಗ್ನಲ್ ಸಿಗದ ಜಾಗಗಳೇ ತಾನೆ! ಹೀಗೆ ‘ಮೊಬೈಲ್ ಬಂದ್’ ಫಲಕ ದೇಶದೇಶಗಳಲ್ಲಿ ಗೋಡೆ ಏರಿತು.

ಭಯಪಟ್ಟವರು ಭಯದಲ್ಲೇ ಕೂರದೆ ಅಳೆದೂ ನೋಡಿದರು. 1997ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಾಧನಗಳ ಸರ್ಕಾರಿ ಸಂಸ್ಥೆ 178 ಮಾದರಿಯ ಯಂತ್ರಗಳನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿತು. ಒಂದು ಮೀಟರ್ ದೂರದಲ್ಲಿ ಮೊಬೈಲ್ ಇಟ್ಟಾಗ ಶೇ. 4ರಷ್ಟು ಯಂತ್ರಗಳು ಸ್ವಲ್ಪವಾದರೂ ತೊಂದರೆಗೊಳಗಾದವು. ಗಂಭೀರ ಪರಿಣಾಮವಾದದ್ದು ಶೇ. 0.1ಕ್ಕಿಂತ ಕಡಿಮೆ. ಆದರೆ ತುರ್ತು ಸೇವೆಯವರು ಬಳಸುವ ಕೈ ವೈರ್‌ಲೆಸ್ ಸೆಟ್ ಇಟ್ಟಾಗ ಶೇ. 41ರಷ್ಟು ಯಂತ್ರಗಳು ಗಲಿಬಿಲಿಗೊಂಡವು. ಬಾಗಿಲಲ್ಲಿ ನಿಂತು ನಮ್ಮ ಫೋನ್ ಆಫ್ ಮಾಡಿಸುವ ಕಾವಲುಗಾರರ ಸೊಂಟದಲ್ಲಿ ವಾಕಿಟಾಕಿ ಇರುತ್ತದಲ್ಲ, ಅದೂ ಹೆಚ್ಚುಕಡಿಮೆ ಇದೇ ಜಾತಿಯದು. ಅದರ ಮೇಲೆ ಅಡ್ಡಗೆರೆ ಎಳೆದ ಫಲಕವನ್ನು ನಾನಂತೂ ಎಲ್ಲೂ ಕಂಡಿಲ್ಲ.

ಅದೇ ವರ್ಷ ಅಮೆರಿಕದ ವೈದ್ಯ ಡೇವಿಡ್ ಹೇಯ್ಸ್ ಮತ್ತು ಸಂಗಡಿಗರು 980 ಪೇಸ್‌ಮೇಕರ್ ರೋಗಿಗಳ ಮೇಲೆ 5,533 ಪರೀಕ್ಷೆ ನಡೆಸಿದರು. ಶೇ. 20ರಷ್ಟು ಪರೀಕ್ಷೆಗಳಲ್ಲಿ ಏನಾದರೊಂದು ವ್ಯತ್ಯಾಸ ಕಂಡಿತು. ಆದರೆ ಫೋನನ್ನು ಎಂದಿನಂತೆ ಕಿವಿಗೆ ಹಿಡಿದಾಗ ಅಪಾಯಕರವಾದದ್ದು ಒಂದೂ ಇಲ್ಲ. ತೊಂದರೆಯೆಲ್ಲ ಫೋನನ್ನು ಎದೆಯ ಮೇಲೆ, ಪೇಸ್‌ಮೇಕರಿನ ನೇರಕ್ಕೆ ಹಿಡಿದಾಗ.

ನಂತರದ ಹತ್ತು ವರ್ಷ ವೈದ್ಯಲೋಕದಲ್ಲಿ ಈ ವಾದ ನಡೆದೇ ಇತ್ತು. ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯವೆನಿಸುವುದು ಅರಿವಳಿಕೆ ತಜ್ಞರ ಒಂದು ಸಮೀಕ್ಷೆ. 2003ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಮ್ಮೇಳನಕ್ಕೆ ಬಂದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ಉತ್ತರ ಸಂಗ್ರಹಿಸಿ, 2006ರಲ್ಲಿ ಪ್ರಕಟಿಸಿದರು. ಫೋನಿನಿಂದ ಯಂತ್ರಕ್ಕೆ ಅಡಚಣೆಯಾದದ್ದನ್ನು ಕಂಡವರು ಶೇ. 2.4. ಸುದ್ದಿ ತಲುಪುವುದು ತಡವಾಗಿ ರೋಗಿಗೆ ತಪ್ಪು ಚಿಕಿತ್ಸೆಯೋ ಹಾನಿಯೋ ಆದದ್ದನ್ನು ಕಂಡವರು ಶೇ. 14.9. ಅಲ್ಲಿಯವರೆಗೆ ಎಲ್ಲರೂ ಫೋನ್ ಇದ್ದರೆ ಏನಾಗುತ್ತದೆ ಎಂದು ಕೇಳುತ್ತಿದ್ದರು. ಇವರು ಫೋನ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದರು.

2007ರಲ್ಲಿ ಎರಡು ವರದಿ ಬಂದವು, ಒಂದಕ್ಕೊಂದು ಎದುರುಬದುರು ನಿಂತಂತೆ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು ನಿಜವಾದ ರೋಗಿಗಳ ಕೋಣೆಗಳಲ್ಲೇ 192 ಯಂತ್ರಗಳ ಬಳಿ ಮೊಬೈಲ್ ಬಳಸಿ 300 ಪರೀಕ್ಷೆ ಮಾಡಿದರು. ಲೆಕ್ಕಕ್ಕೆ ತೆಗೆದುಕೊಳ್ಳುವಂಥ ಅಡಚಣೆ ಒಂದೂ ಇಲ್ಲ. ಆಮ್‌ಸ್ಟರ್‌ಡ್ಯಾಮಿನ ವೈದ್ಯರು 61 ಯಂತ್ರಗಳನ್ನು ಪರೀಕ್ಷಿಸಿದರೆ 26ರಲ್ಲಿ ಅಡಚಣೆ! ವೆಂಟಿಲೇಟರ್ ಆರಿ ಮತ್ತೆ ಹೊತ್ತಿಕೊಂಡಿತು, ಸಿರಿಂಜ್ ಪಂಪ್ ಸದ್ದಿಲ್ಲದೆ ನಿಂತಿತು. ಯಾರನ್ನು ನಂಬುವುದು? ಇಬ್ಬರನ್ನೂ ನಂಬಬಹುದು. ಆಮ್‌ಸ್ಟರ್‌ಡ್ಯಾಮಿನವರು ಫೋನನ್ನು ಪೂರ್ಣ ಶಕ್ತಿಯಲ್ಲಿ ಕೂಗುವಂತೆ ಮಾಡಿ, ಯಂತ್ರಕ್ಕೆ ತಾಗುವಷ್ಟು ಹತ್ತಿರಕ್ಕೆ ಒಯ್ದಿದ್ದರು. ತೊಂದರೆ ಕಾಣಿಸಿಕೊಂಡ ದೂರದ ಮಧ್ಯಮಾನ ಬರೀ 3 ಸೆಂಟಿಮೀಟರ್. ಮೇಯೊದವರು ಜನ ನಿತ್ಯ ಬಳಸುವಂತೆ ಬಳಸಿದ್ದರು. ಒಂದು ವರದಿ ಏನಾಗಬಹುದು ಎಂದಿತು, ಇನ್ನೊಂದು ಏನಾಗುತ್ತದೆ ಎಂದಿತು.

ಬ್ರಿಟನ್ನಿನ ಆರೋಗ್ಯ ಇಲಾಖೆ 2009ರ ಹೊತ್ತಿಗೆ, ಸೂಕ್ಷ್ಮ ಯಂತ್ರಗಳ ಬಳಿ ಬಿಟ್ಟು ಉಳಿದೆಡೆ ಮೊಬೈಲಿಗೆ ಅವಕಾಶ ಕೊಡಬಹುದು ಎಂದು ತನ್ನ ಆಸ್ಪತ್ರೆಗಳಿಗೆ ಹೇಳಿತು. ಆಗ ಅದರ ಹೆಚ್ಚಿನ ಚಿಂತೆ ತರಂಗದ್ದಲ್ಲ, ಫೋನಿನ ಕ್ಯಾಮೆರಾದ್ದು. ಎರಡೂ ಕಡೆ ಬದಲಾವಣೆಯೂ ಆಯಿತು. ಮೂರನೇ, ನಾಲ್ಕನೇ ತಲೆಮಾರಿನ ಫೋನುಗಳ ಗರಿಷ್ಠ ಶಕ್ತಿ ಕಾಲು ವ್ಯಾಟಿನ ಆಸುಪಾಸು. 2014ರ ಹೊಸ ಮಾನದಂಡದಲ್ಲಿ ಯಂತ್ರಗಳು ಮೊಬೈಲಿನಂಥ ಸಾಧನಗಳ ತರಂಗಪಟ್ಟಿಗಳಲ್ಲಿ 9ರಿಂದ 28 ವೋಲ್ಟಿನವರೆಗೆ ತಡೆದುಕೊಳ್ಳಬೇಕಾಯಿತು. ಕೂಗುವವರ ದನಿ ತಗ್ಗಿತು, ಕೇಳುವವರ ಸಹನೆ ಹೆಚ್ಚಿತು.

ನಮ್ಮಲ್ಲಿ ಫಲಕ ಉಳಿಯಿತು. ಅದಕ್ಕೆ ಬೇರೆ ಕಾರಣಗಳಿವೆ, ಅವು ಸುಳ್ಳೂ ಅಲ್ಲ. ಗದ್ದಲ ಬೇಡ, ಪಕ್ಕದ ಹಾಸಿಗೆಯವರ ಫೋಟೋ ವಾಟ್ಸಾಪಿಗೆ ಹೋಗುವುದು ಬೇಡ, ಕೈಯಿಂದ ಕೈಗೆ ಸೋಂಕು ಹರಡುವುದು ಬೇಡ. ಇವನ್ನು ನೇರವಾಗಿ ಹೇಳಿದರೆ ಯಾರೂ ಬೇಡವೆನ್ನುವುದಿಲ್ಲ. ತಂತ್ರಜ್ಞಾನದ ಹೆಸರಿಟ್ಟು ಹೇಳಿದರೆ ಪ್ರಶ್ನೆ ಕೇಳುವವರೇ ಇರುವುದಿಲ್ಲ, ಅದೇ ನನಗೆ ಹಿಡಿಸದ ಸಂಗತಿ. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯಿಂದ ದೊಡ್ಡ ಚಿಕಿತ್ಸೆಗೆಂದು ಮುಂಬಯಿಗೋ ಹೈದರಾಬಾದಿಗೋ ಬರುವವರನ್ನು ನಾವು ನೋಡುತ್ತಲೇ ಇರುತ್ತೇವೆ. ಭಾಷೆ ಗೊತ್ತಿಲ್ಲದ ಊರು, ಒಳಗೆ ಗಂಡ, ಹೊರಗೆ ಬೆಂಚಿನ ಮೇಲೆ ಹೆಂಡತಿ. ಸಿಸ್ಟರ್ ಹಿಂದಿಯಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ಊರಲ್ಲಿರುವ ಮಗನಿಗೆ ಫೋನ್ ಹಚ್ಚಿ, ಅವನ ಕೈಲಿ ಕೇಳಿಸಿ, ಅರ್ಥ ಮಾಡಿಕೊಂಡು ಸಹಿ ಹಾಕಬೇಕಾದವಳು ಆಕೆ. ನಮ್ಮ ಪರಿಚಯದ ಒಬ್ಬಾಕೆ ಹೀಗೆ ಫೋನ್ ಕಸಿದುಕೊಂಡ ಕಾವಲುಗಾರನ ಮುಂದೆ, ‘ಅಣ್ಣಾ, ಒಂದ್ ಮಾತ್ ಕೇಳಿ ಕೊಡ್ತೀನಿ’ ಎಂದು ಕನ್ನಡದಲ್ಲೇ ಬೇಡಿಕೊಂಡದ್ದನ್ನು ಹೇಳಿ ಕಣ್ಣೊರೆಸಿಕೊಂಡರು. ಅವರು ನಿಂತಿದ್ದದ್ದು ಲಿಫ್ಟಿನ ಬಳಿ, ಯಾವ ಯಂತ್ರವೂ ಹತ್ತಿರ ಇರಲಿಲ್ಲ.

ಈ ವಿಷಯ ದೇಶಕ್ಕೇ ತಟ್ಟಿದ್ದು 2020ರ ಕೊರೊನಾ ಕಾಲದಲ್ಲಿ. ಏಪ್ರಿಲ್‌ನಲ್ಲಿ ಪಶ್ಚಿಮ ಬಂಗಾಳ ಕೋವಿಡ್ ಆಸ್ಪತ್ರೆಗಳಲ್ಲಿ ಮೊಬೈಲ್ ನಿಷೇಧಿಸಿತು. ಮೇ ತಿಂಗಳಲ್ಲಿ ಉತ್ತರ ಪ್ರದೇಶವೂ ಅಂಥದೇ ಆದೇಶ ಹೊರಡಿಸಿ, ಮನೆಯವರೊಂದಿಗೆ ಮಾತಾಡಲು ವಾರ್ಡಿನ ಉಸ್ತುವಾರಿಯ ಬಳಿ ಎರಡು ಫೋನ್ ಇಡಬೇಕೆಂದಿತು. ಕೊಟ್ಟ ಕಾರಣ ಸೋಂಕು. ಮನೆಯವರಾರೂ ಒಳಗೆ ಹೋಗುವಂತಿರಲಿಲ್ಲ, ರೋಗಿಗೆ ಹೊರಜಗತ್ತೆಂದರೆ ಆ ಫೋನೊಂದೇ. ಗಲಾಟೆಯಾಯಿತು. ಉತ್ತರ ಪ್ರದೇಶ ಒಂದೆರಡು ದಿನಗಳಲ್ಲೇ ಆದೇಶ ಹಿಂದೆಗೆದುಕೊಂಡು, ಫೋನನ್ನೂ ಚಾರ್ಜರನ್ನೂ ಮೊದಲೇ ತಿಳಿಸಿ, ಸೋಂಕು ನಿವಾರಕದಿಂದ ಶುದ್ಧಮಾಡಿ ಒಯ್ಯಬಹುದೆಂದಿತು. ಎಷ್ಟೋ ಮನೆಗಳಲ್ಲಿ ಹೋದವರ ಕೊನೆಯ ಮಾತು ಇಂದೂ ಒಂದು ವಿಡಿಯೊ ಕರೆಯ ನೆನಪಾಗಿಯೇ ಉಳಿದಿದೆ.

ಹಾಗೆಂದು ಎಚ್ಚರ ಪೂರ್ತಿ ಬಿಡುವ ಹಾಗಿಲ್ಲ. ರೋಗಿಯ ಪಕ್ಕ ಕೂತಾಗ ಫೋನನ್ನು ಸಿರಿಂಜ್ ಪಂಪಿನ ಮೇಲೋ ವೆಂಟಿಲೇಟರಿನ ತಟ್ಟೆಯಲ್ಲೋ ಇಡಬಾರದು. ಆಮ್‌ಸ್ಟರ್‌ಡ್ಯಾಮಿನ ಆ 3 ಸೆಂಟಿಮೀಟರ್ ನೆನಪಿರಲಿ. ಒಂದು ಮೀಟರ್, ಅಂದರೆ ಚಾಚಿದ ಕೈಗಿಂತ ತುಸು ಹೆಚ್ಚು ದೂರವಿದ್ದರೆ ಸಾಕು. ಇನ್ನು ಪೇಸ್‌ಮೇಕರ್. ಈಗ ತರಂಗಕ್ಕಿಂತ ಹೆಚ್ಚಾಗಿ ಫೋನಿನೊಳಗಿನ ಅಯಸ್ಕಾಂತದ ಚಿಂತೆ ಬಂದಿದೆ. ಚಾರ್ಜರ್ ಅಂಟಿಕೊಳ್ಳಲೆಂದು ಹೊಸ ಫೋನುಗಳಲ್ಲಿ ಬಲವಾದ ಅಯಸ್ಕಾಂತ ಇಡುತ್ತಾರೆ, ಅದು ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ತನ್ನ ಕ್ರಮ ಬದಲಿಸಬಹುದು. 2021ರಲ್ಲಿ ಎಫ್‌ಡಿಎ ಕೊಟ್ಟ ಸಲಹೆ ಕನಿಷ್ಠ ಆರು ಇಂಚು, ಅಂದರೆ 15 ಸೆಂಟಿಮೀಟರ್ ಅಂತರ. ಗಂಡಸರಿಗೆ ಹೇಳುವಾಗ ಅಂಗಿಯ ಜೇಬಿನಲ್ಲಿ ಇಡಬೇಡಿ ಎನ್ನುತ್ತಾರೆ. ನಮ್ಮ ಅಮ್ಮಂದಿರಿಗೆ, ಅತ್ತೆಯರಿಗೆ ಅಂಗಿಯ ಜೇಬು ಎಲ್ಲಿದೆ? ಅವರು ಫೋನನ್ನು ರವಿಕೆಯೊಳಗೆ ಸಿಕ್ಕಿಸಿಕೊಳ್ಳುತ್ತಾರೆ, ಇಲ್ಲವೇ ಚಿಕ್ಕ ಚೀಲದಲ್ಲಿ ಹಾಕಿ ಕೊರಳಿಗೆ ನೇತುಹಾಕಿಕೊಳ್ಳುತ್ತಾರೆ. ಪೇಸ್‌ಮೇಕರ್ ಸಾಮಾನ್ಯವಾಗಿ ಎಡ ಕೊರಳೆಲುಬಿನ ಕೆಳಗೇ ಇರುತ್ತದೆ. ಮನೆಯಲ್ಲಿ ಅಂಥವರಿದ್ದರೆ ಸೊಂಟಕ್ಕೆ ಸಿಕ್ಕಿಸುವ ಚೀಲವೊಂದನ್ನು ಹೊಲಿದುಕೊಡಿ, ಮಾತಾಡುವಾಗ ಫೋನನ್ನು ಬಲಗಿವಿಗೆ ಹಿಡಿಯಲು ಹೇಳಿ.